ತಟ್ಟೆಯಲ್ಲಿ ಸತ್ತ ಕೋಶ, ಮೈಯಲ್ಲೂ ಸಾಯುತ್ತದೆಯೇ?

ಓದುಗರ ಪ್ರಶ್ನೆಗಳಿಗೆ ಹಾಸನದ ನಿವೃತ್ತ ಫಾರ್ಮಸಿ ಅಧ್ಯಾಪಕಿಯ ಉತ್ತರ

ಹೋದ ಸಂಚಿಕೆಯಲ್ಲಿ ಅಮೃತಬಳ್ಳಿ ಬಗ್ಗೆ ನಾಲ್ಕು ಸಾಲು ಬರೆದಿದ್ದೇ ತಡ, ಕ್ಯಾನ್ಸರ್ ಮತ್ತು ಗಿಡಮೂಲಿಕೆ ಬಗ್ಗೆ ಪತ್ರಗಳು ಬಂದು ಬಿದ್ದಿವೆ. ಹಾಗಾಗಿ ಈ ಸಲ ಬೇರೆ ಪ್ರಶ್ನೆ ಮುಟ್ಟುವುದಿಲ್ಲ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಡಾಕ್ಟರ್ ಅಲ್ಲ. ಗಿಡದಿಂದ ಔಷಧಿ ಹೇಗೆ ಬರುತ್ತದೆ ಅಂತ ಹುಡುಗರಿಗೆ ಪಾಠ ಹೇಳಿದವಳು. ಯಾರ ಚೀಟಿಯನ್ನೂ ಇಲ್ಲಿ ಕೂತು ತಿದ್ದುವುದಿಲ್ಲ.

ಪ್ರಶ್ನೆ: ಮೇಡಂ, ನಮ್ಮಮ್ಮನಿಗೆ 58 ವರ್ಷ. ಸ್ತನದ ಕ್ಯಾನ್ಸರ್. ಆಪರೇಷನ್ ಆಗಿ ಈಗ ಕೀಮೋ ನಡೀತಿದೆ. ಕೆಂಪು ಬಣ್ಣದ ಇಂಜೆಕ್ಷನ್ ಎರಡು ಸಲ ಆಯ್ತು. ವಾಂತಿ ಜಾಸ್ತಿ, ಕೂದಲೆಲ್ಲ ಉದುರಿದೆ. ಭಾವ ವಾಟ್ಸಾಪ್‌ನಲ್ಲಿ ಒಂದು ವಿಡಿಯೊ ಕಳಿಸಿದ್ದಾರೆ. ಮುಳ್ಳು ರಾಮಫಲದ ಎಲೆ ಕೀಮೋಗಿಂತ 10,000 ಪಟ್ಟು ಜೋರಂತೆ. ನಮ್ಮ ತೋಟದ ಬದಿಯಲ್ಲೇ ಮರ ಇದೆ. ಅಮ್ಮ ದಿನಾ ಎರಡು ಹೊತ್ತು ಕಷಾಯ ಕುಡೀತಿದ್ದಾರೆ. ಮುಂದಿನ ಕೀಮೋಗೆ ಬರಲ್ಲ ಅಂತ ಹಟ ಹಿಡಿದಿದ್ದಾರೆ. ಏನು ಮಾಡಲಿ?
(ಹೆಸರು ಬೇಡ, ಮೂಡಿಗೆರೆ)

ಉತ್ತರ: ಏನೇ ಆಗಲಿ, ಕೀಮೋ ತಾರೀಖು ತಪ್ಪಿಸಬೇಡಿ. ಉಳಿದದ್ದನ್ನು ಆಮೇಲೆ ಅಮ್ಮನ ಜೊತೆ ಕೂತು ಮಾತಾಡಿ. ಭಾವನವರನ್ನೂ ಕೂರಿಸಿಕೊಳ್ಳಿ, ಅವರೂ ಕಾಳಜಿಯಿಂದಲೇ ಕಳಿಸಿದ್ದಾರೆ, ಅಲ್ವಾ?

ಆ 10,000 ಎಲ್ಲಿಂದ ಬಂತು ಗೊತ್ತೇ? 1996ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ಮುಳ್ಳು ರಾಮಫಲದಿಂದ ತೆಗೆದ ಕೆಲವು ವಸ್ತುಗಳ ಬಗ್ಗೆ ಒಂದು ಲೇಖನ ಪ್ರಕಟಿಸಿದರು. ಅದರಲ್ಲಿ ಒಂದು ವಸ್ತು, ಎಚ್‌ಟಿ-29 ಎಂಬ ಕ್ಯಾನ್ಸರ್ ಕೋಶಗಳ ಮೇಲೆ ಅಡ್ರಿಯಾಮೈಸಿನ್ ಎಂಬ ಕೀಮೋ ಔಷಧಿಗಿಂತ 10,000 ಪಟ್ಟು ಕಡಿಮೆ ಪ್ರಮಾಣದಲ್ಲೇ ಕೆಲಸ ಮಾಡಿತು. ಸಂಖ್ಯೆ ಸುಳ್ಳಲ್ಲ. ಆದರೆ ವಿಡಿಯೊದವರು ಬಿಟ್ಟದ್ದು ಬಹಳ ಇದೆ. ಅವರು ಆ ವಸ್ತು ತೆಗೆದದ್ದು ಎಲೆಯಿಂದಲ್ಲ, ಬೀಜದಿಂದ. ಕಷಾಯ ಕಾಯಿಸಿದ್ದಲ್ಲ, ಒಂದೇ ಒಂದು ವಸ್ತುವನ್ನು ಬೇರ್ಪಡಿಸಿ ಶುದ್ಧ ಮಾಡಿದ್ದು. ಕೋಶಗಳು ಸ್ತನದವಲ್ಲ, ದೊಡ್ಡ ಕರುಳಿನವು. ಅದಕ್ಕಿಂತ ಮುಖ್ಯ, ಅಲ್ಲಿ ರೋಗಿಯೇ ಇರಲಿಲ್ಲ. ಎಲ್ಲ ನಡೆದದ್ದು ಪ್ಲಾಸ್ಟಿಕ್ ತಟ್ಟೆಯಲ್ಲಿ.

ಆ ತಟ್ಟೆ ಹೇಗಿರುತ್ತದೆ ಅಂತ ಹೇಳಿದರೆ ಇಂಥ ಸುದ್ದಿ ಓದುವಾಗ ನಿಮಗೆ ಅನುಕೂಲ. ಅಂಗೈಗಿಂತ ಸ್ವಲ್ಪ ದೊಡ್ಡದು, ಅಳಿಗುಳಿ ಮಣೆಯ ಹಾಗೆ ಸಾಲಾಗಿ ಗುಳಿಗಳು. ಒಟ್ಟು 96. ಒಂದೊಂದು ಗುಳಿಗೂ ಕೆಲವು ಸಾವಿರ ಕ್ಯಾನ್ಸರ್ ಕೋಶ, ಅವು ಬದುಕಲು ಬೇಕಾದ ಗುಲಾಬಿ ಬಣ್ಣದ ಪೋಷಕ ದ್ರವ. 37 ಡಿಗ್ರಿ ಶಾಖದ ಪೆಟ್ಟಿಗೆಯಲ್ಲಿ ಇಟ್ಟು, ಗಿಡದ ಸಾರ ಬೇರೆ ಬೇರೆ ಪ್ರಮಾಣದಲ್ಲಿ ಹಾಕುತ್ತೇವೆ. ಒಂದೆರಡು ದಿನ ಬಿಟ್ಟು ಎಂಟಿಟಿ ಅನ್ನುವ ಹಳದಿ ಬಣ್ಣ ಬಿಡುತ್ತೇವೆ. ಬದುಕಿರುವ ಕೋಶ ಅದನ್ನು ನೇರಳೆ ಮಾಡುತ್ತದೆ. ಸತ್ತದ್ದು ಮಾಡುವುದಿಲ್ಲ. ನೇರಳೆ ಎಷ್ಟು ಗಾಢ ಅನ್ನುವುದನ್ನು ಯಂತ್ರ ಓದಿ ಹೇಳುತ್ತದೆ. ಇಷ್ಟೇ ಪರೀಕ್ಷೆ. ಇದರಲ್ಲೂ ಮೋಸ ಹೋಗುವ ದಾರಿಗಳಿವೆ. ಕೆಲವು ಗಿಡದ ಸಾರ ಕೋಶವೇ ಇಲ್ಲದ ಗುಳಿಯಲ್ಲೂ ಹಳದಿಯನ್ನು ನೇರಳೆ ಮಾಡಿಬಿಡುತ್ತದೆ. ಸಾರ ಕರಗಿಸಲು ಬಳಸಿದ ಆಲ್ಕೋಹಾಲೇ ಕೋಶ ಕೊಂದಿರುವುದೂ ಉಂಟು. ಅದಕ್ಕೇ ನಾನು ಹುಡುಗರ ಪ್ರಾಜೆಕ್ಟ್ ನೋಡುವಾಗ ಮೊದಲು ಕೇಳುತ್ತಿದ್ದದ್ದು, "ಬರೀ ಆಲ್ಕೋಹಾಲ್ ಹಾಕಿದ ಗುಳಿ ಎಲ್ಲಿ, ತೋರಿಸಿ" ಅಂತ.

ತಟ್ಟೆಯಲ್ಲಿ ಕೋಶ ಕೊಲ್ಲುವುದು ಕಷ್ಟವೇ ಅಲ್ಲ. ಉಪ್ಪು ಜಾಸ್ತಿ ಹಾಕಿದರೂ ಸಾಯುತ್ತದೆ. ಒಂದು ಮಿಲಿಲೀಟರಿಗೆ 100 ಮೈಕ್ರೋಗ್ರಾಂ ಸಾರ ಹಾಕಿದಾಗ ಕೋಶ ಸತ್ತಿತು ಅನ್ನೋಣ. ನಮ್ಮ ಮೈಯಲ್ಲಿ ಸುಮಾರು 5 ಲೀಟರ್ ರಕ್ತ ಇದೆ. ಬರೀ ರಕ್ತದಲ್ಲಿ ಅಷ್ಟು ಪ್ರಮಾಣ ಬರಬೇಕೆಂದರೂ ಅರ್ಧ ಗ್ರಾಂ ಸಾರ ಹೊಟ್ಟೆಯಲ್ಲಿ ಕೆಡದೆ, ಲಿವರ್‌ನಲ್ಲಿ ಒಡೆಯದೆ, ಮೂತ್ರದಲ್ಲಿ ಹೋಗದೆ ಪೂರ್ತಿ ರಕ್ತಕ್ಕೆ ಸೇರಬೇಕು. ಸೇರಿತು ಅಂದುಕೊಳ್ಳಿ. ಅದು ಗಡ್ಡೆಯನ್ನು ಮಾತ್ರ ಹುಡುಕಿಕೊಂಡು ಹೋಗುತ್ತದೆಯೇ? ಇಲ್ಲ. ಎಲ್ಲ ಕಡೆ ಹೋಗುತ್ತದೆ.

ಮುಳ್ಳು ರಾಮಫಲದ ವಿಷಯದಲ್ಲಿ ಈ "ಎಲ್ಲ ಕಡೆ" ಅನ್ನುವುದೇ ತಲೆನೋವು. ಇದರಲ್ಲಿರುವ ಅನ್ನೊನಾಸಿನ್ ಎಂಬ ವಸ್ತು ಕೋಶದೊಳಗೆ ಶಕ್ತಿ ತಯಾರಾಗುವ ಮೈಟೊಕಾಂಡ್ರಿಯಕ್ಕೇ ಕೈ ಹಾಕುತ್ತದೆ. ಕ್ಯಾನ್ಸರ್ ಕೋಶ ಸಾಯುವುದೂ ಹಾಗೇ. ಆದರೆ ಮಿದುಳಿನ ನರಕೋಶಕ್ಕೂ ಅದೇ ಶಕ್ತಿ ಬೇಕಲ್ಲ? ಕೆರಿಬಿಯನ್ ಸಮುದ್ರದ ಗ್ವಾಡೆಲೂಪ್ ದ್ವೀಪದಲ್ಲಿ ಜನ ಈ ಹಣ್ಣು ತಿನ್ನುವುದು, ಎಲೆಯ ಚಹಾ ಕುಡಿಯುವುದು ಜಾಸ್ತಿ. ಅಲ್ಲಿ ಮಾಮೂಲಿ ಪಾರ್ಕಿನ್ಸನ್ ಔಷಧಿಗೆ ಬಗ್ಗದ, ಅದೇ ತರಹದ ನಡುಕ-ಬಿಗಿತದ ಕಾಯಿಲೆ ವಿಪರೀತ ಕಂಡುಬಂದು, 1999ರಲ್ಲಿ ವೈದ್ಯರು ಈ ಗಿಡದ ಜೊತೆ ಅದಕ್ಕೆ ನಂಟಿರಬಹುದೆಂದು ವರದಿ ಮಾಡಿದರು. ಹಣ್ಣನ್ನು ಅಪರೂಪಕ್ಕೆ ತಿನ್ನುವುದು ಬೇರೆ, ದಿನಾ ಎರಡು ಹೊತ್ತು ಎಲೆ ಕುದಿಸಿ ಕುಡಿಯುವುದು ಬೇರೆ. ಕಷಾಯ ನಿಲ್ಲಿಸಿ. ಇಷ್ಟು ದಿನ ಕುಡಿದಿದ್ದಾರೆ ಅನ್ನುವುದನ್ನು ಡಾಕ್ಟರಿಗೆ ಹೇಳಿ. ಬೈದರೆ ಬೈಯಲಿ.

ಇನ್ನು ವಾಂತಿ. ಇದನ್ನು ಸಹಿಸಿಕೊಂಡು ಕೂರಬೇಕಾಗಿಲ್ಲ. ಒಂಡಾನ್‌ಸೆಟ್ರಾನ್‌ನಂಥ ಔಷಧಿ ಇದೆ. ಅದು ಸಾಲದಿದ್ದರೆ ಜೊತೆಗೆ ಕೊಡಲು ಬೇರೆ ಇವೆ. ಎಷ್ಟೋ ಹೆಂಗಸರು "ಕೀಮೋ ಅಂದರೆ ಇಷ್ಟೇ" ಅಂದುಕೊಂಡು ಬಾಯಿ ಬಿಡುವುದಿಲ್ಲ. ಡಾಕ್ಟರ್ ಕೇಳುವ ಮೊದಲೇ ನೀವು ಹೇಳಿ. ಕೂದಲು ಮತ್ತೆ ಬರುತ್ತದೆ. ಜ್ವರ 100.4 ಡಿಗ್ರಿ ಮುಟ್ಟಿದರೆ ಮಾತ್ರ ರಾತ್ರಿ ಎಷ್ಟು ಹೊತ್ತಾಗಿದ್ದರೂ ಆಸ್ಪತ್ರೆಗೆ ಹೊರಡಿ. ಕೀಮೋದಿಂದ ಬಿಳಿ ರಕ್ತಕಣ ಇಳಿದಿರುವಾಗ ಸಣ್ಣ ಸೋಂಕೂ ದೊಡ್ಡದಾಗುತ್ತದೆ.

ಅಮ್ಮನಿಗೆ ಇದೊಂದು ಹೇಳಿ. ಆ ಕೆಂಪು ಇಂಜೆಕ್ಷನ್ ಡಾಕ್ಸೊರುಬಿಸಿನ್ ಇರಬೇಕು. ಅಡ್ರಿಯಾಮೈಸಿನ್ ಅಂದರೂ ಅದೇ. ವಿಡಿಯೊದವರು ಎಲೆಯನ್ನು ಹೋಲಿಸಿದ್ದು ಅಮ್ಮನಿಗೆ ಈಗ ಕೊಡುತ್ತಿರುವ ಔಷಧಿಗೇ. ಅದು ಮೂಲದಲ್ಲಿ ಮಣ್ಣಿನ ಬ್ಯಾಕ್ಟೀರಿಯಾದಿಂದ ಸಿಕ್ಕಿದ್ದು. ಇದಾದ ಮೇಲೆ ಬಹಳ ಜನರಿಗೆ ಪ್ಯಾಕ್ಲಿಟ್ಯಾಕ್ಸೆಲ್ ಕೊಡುತ್ತಾರೆ. ಅದು ಗಿಡಮೂಲಿಕೆಯೇ! 1962ರಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯ ಕಾಡಿನಲ್ಲಿ ಯೂ ಎಂಬ ಮರದ ತೊಗಟೆ ಕೆತ್ತಿ ತಂದರು. ಅದರಿಂದ ಈ ವಸ್ತುವನ್ನು ಬೇರ್ಪಡಿಸಿ ರಚನೆ ಕಂಡುಹಿಡಿದವರು ಮನ್ರೋ ವಾಲ್ ಮತ್ತು ಮನ್ಸುಖ್ ವಾನಿ. ವಾನಿ ನಮ್ಮ ಮಹಾರಾಷ್ಟ್ರದ ನಂದುರ್ಬಾರ್‌ನವರು. ರಚನೆ ಪ್ರಕಟವಾದದ್ದು 1971ರಲ್ಲಿ, ಔಷಧಿಯಾಗಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1992ರಲ್ಲಿ. ತೊಗಟೆ ಕೆತ್ತಿದಲ್ಲಿಂದ 30 ವರ್ಷ. ಎಷ್ಟು ಕೊಡಬೇಕು, ಯಾರಿಗೆ ಕೊಡಬಾರದು, ಏನು ಕೆಡುತ್ತದೆ ಅನ್ನುವುದನ್ನು ಅಷ್ಟು ವರ್ಷ ಕೂತು ನೋಡಿದ್ದಾರೆ. ಅಮ್ಮನಿಗೆ ಗಿಡದ ಔಷಧಿಯೇ ಬೇಕೆಂದರೆ ಡ್ರಿಪ್ ಬಾಟಲಿಯಲ್ಲಿ ಅದು ಕಾಯುತ್ತಿದೆ.

ಪ್ರಶ್ನೆ: ನಾನು ಬಿ.ಎಸ್ಸಿ. ಎರಡನೇ ವರ್ಷ. ನಮ್ಮ ಮನೆ ಮುಂದೆ ಕಾಶಿ ಕಣಗಿಲೆ ಬೇಕಾದಷ್ಟಿದೆ. ಅದರಿಂದ ರಕ್ತದ ಕ್ಯಾನ್ಸರ್‌ಗೆ ಔಷಧಿ ಮಾಡುತ್ತಾರೆ ಅಂತ ಲೆಕ್ಚರರ್ ಹೇಳಿದರು. ಹಾಗಿದ್ದ ಮೇಲೆ ಎಲೆಯನ್ನೇ ಅರೆದು ಕುಡಿದರೆ ಆಗದೇ? ಹಿತ್ತಲ ಗಿಡ ಮದ್ದಲ್ಲ ಅನ್ನೋದು ಇದಕ್ಕೇನಾ?
(ವಿದ್ಯಾರ್ಥಿ, ಅರಸೀಕೆರೆ)

ಉತ್ತರ: ನಿಮ್ಮ ಲೆಕ್ಚರರ್ ಹೇಳಿದ್ದು ನಿಜ. ಈ ಗಿಡದ ಕತೆ ನನಗೆ ಬಹಳ ಇಷ್ಟ, ಸ್ವಲ್ಪ ಉದ್ದ ಹೇಳುತ್ತೇನೆ.

1952ರಲ್ಲಿ ಜಮೈಕಾದಿಂದ ಕೆನಡಾದ ಡಾಕ್ಟರ್ ಕ್ಲಾರ್ಕ್ ನೋಬಲ್ ಅವರಿಗೆ ಒಂದು ಲಕೋಟೆ ಬಂತು. ಒಳಗೆ ಈ ಗಿಡದ ಎಲೆ. ಅಲ್ಲಿ ಜನ ಸಕ್ಕರೆ ಕಾಯಿಲೆಗೆ ಇದರ ಚಹಾ ಕುಡಿಯುತ್ತಾರೆ, ಪರೀಕ್ಷಿಸಿ ಅಂತ. ಅವರು ಅದನ್ನು ತಮ್ಮ ಸಹೋದರ ರಾಬರ್ಟ್ ನೋಬಲ್ ಅವರಿಗೆ ದಾಟಿಸಿದರು. ಇಲಿಗೆ ಕುಡಿಸಿ ನೋಡಿದರೆ ಸಕ್ಕರೆ ಇಳಿಯಲಿಲ್ಲ. ಇಂಜೆಕ್ಷನ್ ಕೊಟ್ಟರೆ ಇಲಿಗಳು ಸೋಂಕಿನಿಂದ ಸತ್ತವು. ಯಾಕೆಂದು ನೋಡಿದರೆ ಬಿಳಿ ರಕ್ತಕಣ ನೆಲ ಕಚ್ಚಿದ್ದವು. ಬೇರೆಯವರಾಗಿದ್ದರೆ ಅಲ್ಲಿಗೇ ಬಿಡುತ್ತಿದ್ದರೇನೋ. ಇವರು ತಿರುಗಿಸಿ ಯೋಚನೆ ಮಾಡಿದರು. ಬಿಳಿ ರಕ್ತಕಣ ವಿಪರೀತ ಹೆಚ್ಚುವ ಕಾಯಿಲೆಯೇ ರಕ್ತದ ಕ್ಯಾನ್ಸರ್, ಅಲ್ವಾ? ಜೊತೆಗಿದ್ದ ಚಾರ್ಲ್ಸ್ ಬೀರ್ ಆ ವಸ್ತುವನ್ನು ಬೇರ್ಪಡಿಸಿದರು. 1958ರಲ್ಲಿ ವಿನ್‌ಬ್ಲಾಸ್ಟಿನ್ ಎಂಬ ಆ ವಸ್ತುವಿನ ಸುದ್ದಿ ಹೊರಬಿತ್ತು. ಇದೇ ಗಿಡದ ವಿನ್‌ಕ್ರಿಸ್ಟಿನ್‌ಗೆ 1963ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಮಕ್ಕಳ ರಕ್ತದ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇವತ್ತಿಗೂ ಅದಿಲ್ಲದೆ ಆಗುವುದಿಲ್ಲ.

ಕೆಲಸ ಮಾಡುವ ಬಗೆ ನಿಮ್ಮ ಸಿಲೆಬಸ್‌ನಲ್ಲೇ ಇದೆ. ಕೋಶ ಎರಡಾಗುವಾಗ ಕ್ರೋಮೊಸೋಮ್‌ಗಳನ್ನು ಎರಡು ಬದಿಗೆ ಎಳೆಯುವ ಎಳೆಗಳನ್ನು ಕಟ್ಟಿಕೊಳ್ಳುತ್ತದೆ, ಕೆಲಸ ಮುಗಿದ ಮೇಲೆ ಬಿಚ್ಚುತ್ತದೆ. ವಿನ್‌ಕ್ರಿಸ್ಟಿನ್ ಎಳೆ ಕಟ್ಟಲು ಬಿಡುವುದಿಲ್ಲ. ಮೇಲೆ ಹೇಳಿದ ಪ್ಯಾಕ್ಲಿಟ್ಯಾಕ್ಸೆಲ್ ಬಿಚ್ಚಲು ಬಿಡುವುದಿಲ್ಲ. ಪ್ಯಾಕ್ಲಿಟ್ಯಾಕ್ಸೆಲ್‌ನ ಈ ಗುಣವನ್ನು 1979ರಲ್ಲಿ ತೋರಿಸಿದವರು ಸೂಸನ್ ಹಾರ್ವಿಟ್ಜ್ ಎಂಬ ವಿಜ್ಞಾನಿ. ಎರಡರಲ್ಲೂ ಕೋಶ ನಡುವೆಯೇ ಸಿಕ್ಕಿಹಾಕಿಕೊಂಡು ಸಾಯುತ್ತದೆ. ಬೇಗ ಬೇಗ ಒಡೆಯುವ ಕೋಶಕ್ಕೆ ಪೆಟ್ಟು ಜಾಸ್ತಿ. ಕೂದಲ ಬುಡದ ಕೋಶವೂ ಹಾಗೇ ಬೇಗ ಒಡೆಯುವಂಥದ್ದು. ಕೂದಲು ಉದುರುವುದು ಅದಕ್ಕೇ.

ಎಲೆ ಅರೆದು ಯಾಕೆ ಕುಡಿಯಬಾರದು? ಒಂದು ಗ್ರಾಂ ವಿನ್‌ಬ್ಲಾಸ್ಟಿನ್‌ಗೆ ಸುಮಾರು 500 ಕಿಲೋ ಒಣಗಿದ ಎಲೆ ಬೇಕು ಅನ್ನುವ ಲೆಕ್ಕವಿದೆ. ವಿನ್‌ಕ್ರಿಸ್ಟಿನ್ ಅದಕ್ಕಿಂತಲೂ ಕಡಿಮೆ. ಇನ್ನೊಂದು ಕಡೆ, ರೋಗಿಗೆ ಒಂದು ಸಲಕ್ಕೆ ಕೊಡುವ ವಿನ್‌ಕ್ರಿಸ್ಟಿನ್ ಸಾಮಾನ್ಯವಾಗಿ 2 ಮಿಲಿಗ್ರಾಂ ದಾಟುವುದಿಲ್ಲ. ದಾಟಿದರೆ ಕೈಕಾಲು ಜೋಮು ಹಿಡಿಯುತ್ತದೆ, ಕರುಳು ಕೆಲಸ ನಿಲ್ಲಿಸುತ್ತದೆ. ರಕ್ತನಾಳದಿಂದ ಹೊರಗೆ ಸೋರಿದರೆ ಅಲ್ಲಿನ ಮಾಂಸವೇ ಸುಟ್ಟ ಹಾಗಾಗುತ್ತದೆ. ಎಲೆಯಲ್ಲಿ ಇದೊಂದೇ ಇರುವುದೂ ಅಲ್ಲ. ಹತ್ತಾರು ಬೇರೆ ಆಲ್ಕಲಾಯ್ಡ್‌ಗಳಿವೆ, ರಕ್ತದೊತ್ತಡ ಇಳಿಸುವವೂ ಇವೆ. ಬೇಕಾದದ್ದು ಸಿಗುವುದಿಲ್ಲ, ಬೇಡದ್ದು ಸಿಗುತ್ತದೆ. ಗಿಡ ಮನೆ ಮುಂದೆ ಚೆನ್ನಾಗಿ ಹೂ ಬಿಡಲಿ. ದನ ಮೇಯದ ಹಾಗೆ ನೋಡಿಕೊಳ್ಳಿ.

ಪ್ರಶ್ನೆ: ಅಡಿಕೆಯ ಸಾರ ಕ್ಯಾನ್ಸರ್ ಕೋಶವನ್ನು ಕೊಲ್ಲುತ್ತದೆ ಅಂತ ಸಂಶೋಧನೆ ಇದೆ ಎಂದು ಓದಿದೆ. ಆದರೂ ಅಡಿಕೆಯಿಂದಲೇ ಕ್ಯಾನ್ಸರ್ ಬರುತ್ತದೆ ಅಂತಾರೆ. ಎರಡರಲ್ಲಿ ಒಂದು ಸುಳ್ಳಿರಬೇಕಲ್ಲ? ಇದು ಬೆಳೆಗಾರರ ಮೇಲಿನ ಪಿತೂರಿ ಅನ್ನೋದು ನನ್ನ ಅನುಮಾನ.
(ಅಡಿಕೆ ಬೆಳೆಗಾರ, ಕೊಪ್ಪ)

ಉತ್ತರ: ಎರಡೂ ನಿಜ ಇರಬಹುದು ಸ್ವಾಮಿ. ಅಡಿಕೆಯ ಅರೆಕೊಲಿನ್ ತಟ್ಟೆಯಲ್ಲಿ ಕೋಶಕ್ಕೆ ವಿಷವೇ. ಆದರೆ ಕೋಶಕ್ಕೆ ಪೆಟ್ಟು ಕೊಡುವ ವಸ್ತು ಬಾಯಿಯ ಆರೋಗ್ಯವಂತ ಚರ್ಮಕ್ಕೆ ದಿನಾ, ವರ್ಷಾನುಗಟ್ಟಲೆ ತಾಗುತ್ತಿದ್ದರೆ? ಪೆಟ್ಟು, ರಿಪೇರಿ, ಮತ್ತೆ ಪೆಟ್ಟು. ರಿಪೇರಿಯಲ್ಲಿ ಎಲ್ಲೋ ಒಂದು ಕಡೆ ತಪ್ಪಿದರೆ ಕ್ಯಾನ್ಸರ್‌ಗೆ ದಾರಿ. ಕ್ಯಾನ್ಸರ್‌ಗೆ ಕೊಡುವ ಕೆಲವು ಔಷಧಿಗಳಿಂದಲೇ ವರ್ಷಗಳಾದ ಮೇಲೆ ಅಪರೂಪಕ್ಕೆ ಇನ್ನೊಂದು ಕ್ಯಾನ್ಸರ್ ಬರುವುದುಂಟು.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಫ್ರಾನ್ಸಿನ ಲಿಯೋನ್‌ನಲ್ಲಿದೆ. ಅದು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ಮೊದಲನೇ ಗುಂಪಿಗೆ ಸೇರಿಸಿತು. ತಂಬಾಕು ಇಲ್ಲದ ಎಲೆಅಡಿಕೆಯನ್ನೂ ಸೇರಿಸಿತು. ಆ ನಿರ್ಧಾರಕ್ಕೆ ಆಧಾರ ತಟ್ಟೆ ಮಾತ್ರ ಅಲ್ಲ, ಅಡಿಕೆ ಜಗಿಯುವ ಜನರ ಬಾಯಿ.

ನನ್ನ ತವರು ನರಸಿಂಹರಾಜಪುರದ ಕಡೆ. ನಮ್ಮ ಮನೆಯ ಊಟ, ನನ್ನ ಓದು ಎಲ್ಲ ಅಡಿಕೆ ದುಡ್ಡಿನದೇ. ಹಾಗಾಗಿ ಇದನ್ನು ಬರೆಯುವುದು ನನಗೂ ಖುಷಿಯ ಕೆಲಸವಲ್ಲ. ದರದ ಚಿಂತೆ ನಿಜವಾದದ್ದು. ಅಡಿಕೆ ಬೇಯಿಸಿದಾಗ ಉಳಿಯುವ ಚೊಗರಿನ ಬಣ್ಣದಂಥ ಬೇರೆ ಉಪಯೋಗ ಬೆಳೆಯಲಿ ಅಂತ ನನ್ನ ಆಸೆ. ಆದರೆ ದರ ಉಳಿಸಲು ಬಾಯಿಯ ಸತ್ಯ ಮುಚ್ಚಿಡಲು ನನ್ನಿಂದ ಆಗುವುದಿಲ್ಲ.

ನೀವು ಜಗಿಯುವವರಾದರೆ ಈಗಲೇ ಒಂದು ನೋಡಿ. ಬಾಯಿ ಪೂರ್ತಿ ತೆರೆದು, ಮೇಲಿನ ಮತ್ತು ಕೆಳಗಿನ ಮುಂದಿನ ಹಲ್ಲುಗಳ ನಡುವೆ ನಿಮ್ಮದೇ ಮೂರು ಬೆರಳು ಒಂದರ ಕೆಳಗೊಂದು ಬರುವ ಹಾಗೆ ಇಡಿ. ಹಿಡಿಯದಿದ್ದರೆ, ಖಾರದ ಸಾರು ತಾಗಿದರೆ ಬಾಯಿ ಉರಿಯುತ್ತಿದ್ದರೆ, ಕೆನ್ನೆಯ ಒಳಭಾಗ ಬಿಳಿಚಿಕೊಂಡು ಗಟ್ಟಿಯಾಗಿದ್ದರೆ ಹಲ್ಲಿನ ಡಾಕ್ಟರಿಗೆ ತೋರಿಸಿ. ಅಡಿಕೆಯಿಂದ ಬಾಯಿಯ ಒಳಪದರ ಬಿಗಿಯುವ ಕಾಯಿಲೆ ಅದು. ಮುಂದೆ ಕೆಲವರಲ್ಲಿ ಕ್ಯಾನ್ಸರ್ ಆಗುತ್ತದೆ. ಇವತ್ತೇ ಜಗಿಯುವುದು ಬಿಡಿ.

ಪ್ರಶ್ನೆ: ನಮ್ಮ ಯಜಮಾನರಿಗೆ ಕೀಮೋ ಶುರುವಾಗಿದೆ. ಅರಿಶಿನದ ಸತ್ವಕ್ಕೆ ಕಾಳುಮೆಣಸಿನ ಸತ್ವ ಸೇರಿಸಿದ ಮಾತ್ರೆ ಕೊಡಬಹುದೇ? ಮೆಣಸು ಸೇರಿದರೆ ಚೆನ್ನಾಗಿ ಮೈಗೆ ಹತ್ತುತ್ತದಂತೆ.
(ಗೃಹಿಣಿ, ಬೇಲೂರು)

ಉತ್ತರ: ಹತ್ತುತ್ತದೆ. ಭಯ ಇರುವುದೇ ಅಲ್ಲಿ. ಅರಿಶಿನದ ಪುಡಿಯಲ್ಲಿ ಕರ್ಕ್ಯುಮಿನ್, ಅಂದರೆ ನೀವು ಹೇಳಿದ ಸತ್ವ, ಇರುವುದು ಶೇ. 3ರ ಆಸುಪಾಸು. ಅದರಲ್ಲೂ ರಕ್ತಕ್ಕೆ ಸೇರುವುದು ತೀರಾ ಕಡಿಮೆ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 2 ಗ್ರಾಂ ಕರ್ಕ್ಯುಮಿನ್ ಜೊತೆ ಬರೀ 20 ಮಿಲಿಗ್ರಾಂ ಪೈಪರಿನ್, ಅಂದರೆ ಮೆಣಸಿನ ಖಾರದ ಸತ್ವ, ಕೊಟ್ಟು ನೋಡಿದರು. ರಕ್ತಕ್ಕೆ ಸೇರುವ ಪ್ರಮಾಣ ಶೇ. 2000ರಷ್ಟು ಏರಿತು. ಅಂಥ ಮಾತ್ರೆಗಳೆಲ್ಲ ಹುಟ್ಟಿದ್ದು ಇದರ ಮೇಲೆಯೇ.

ಪೈಪರಿನ್ ಮಾಡುವುದೇನೆಂದರೆ, ಹೊರಗಿನ ವಸ್ತುಗಳನ್ನು ಒಡೆದು ಹಾಕುವ ಕರುಳು-ಲಿವರ್‌ನ ಕಿಣ್ವಗಳನ್ನು ತಡೆಯುವುದು. ಎಷ್ಟೋ ಕೀಮೋ ಔಷಧಿಗಳನ್ನು ಒಡೆಯುವುದೂ ಅವೇ ಕಿಣ್ವಗಳು. ಡಾಕ್ಟರ್ ಲೆಕ್ಕ ಹಾಕಿ ಕೊಟ್ಟ ಡೋಸ್ ಮೈಯಲ್ಲಿ ಹೆಚ್ಚು ಹೊತ್ತು ಉಳಿದರೆ, ಕೊಟ್ಟದ್ದಕ್ಕಿಂತ ಜಾಸ್ತಿ ಕೊಟ್ಟ ಹಾಗೆ. ಇಟಲಿಯಲ್ಲಿ 2019ರಲ್ಲಿ ಅರಿಶಿನದ ಇಂಥ ಮಾತ್ರೆ ತಿಂದವರಲ್ಲಿ ಲಿವರ್ ಊತದ ಪ್ರಕರಣಗಳೂ ವರದಿಯಾದವು. ಚಿಕಿತ್ಸೆ ಮುಗಿಯುವ ತನಕ ಮಾತ್ರೆ ಬೇಡ. ಹುಳಿಗೆ, ಪಲ್ಯಕ್ಕೆ ಹಾಕುವ ಅರಿಶಿನ ಧಾರಾಳ ಹಾಕಿ. ತೋಟದ ಚಕ್ಕೋತವನ್ನೂ ಸದ್ಯ ದೂರ ಇಡಿ. ಆ ಜಾತಿಯ ಹಣ್ಣುಗಳಿಗೂ ಕರುಳಿನ ಕಿಣ್ವ ತಡೆಯುವ ಗುಣ ಇದೆ. ಕಿತ್ತಳೆ ಹಣ್ಣಿಗೆ ಆ ತಂಟೆ ಇಲ್ಲ.

ಪ್ರಶ್ನೆ: ಕಾಡಂಚಿನ ನಮ್ಮ ಜಮೀನಿನಲ್ಲಿ ದುರ್ವಾಸನೆ ಮರ ಇದೆ. ಒಬ್ಬರು ಬಂದು ತೊಗಟೆ, ಬೇರು, ಕಾಂಡ ಎಲ್ಲ ಕಿಲೋ ಲೆಕ್ಕದಲ್ಲಿ ಕೊಳ್ಳುತ್ತೇವೆ ಅಂದರು. ಕ್ಯಾನ್ಸರ್ ಔಷಧಿಗಂತೆ. ನಿಜವೇ?
(ಕೃಷಿಕರು, ಸಕಲೇಶಪುರ ತಾಲ್ಲೂಕು)

ಉತ್ತರ: ನಿಜ. ಹೂವಿನ ವಾಸನೆಗೆ ಮೂಗು ಮುಚ್ಚಿಕೊಳ್ಳುವ ಈ ಮರದಲ್ಲಿ ಕ್ಯಾಂಪ್ಟೊಥೆಸಿನ್ ಎಂಬ ವಸ್ತು ಇದೆ. ಮೊದಲು ಅದು ಸಿಕ್ಕಿದ್ದು ಚೀನಾದ ಒಂದು ಮರದಲ್ಲಿ, 1966ರಲ್ಲಿ, ಅದೇ ವಾಲ್ ಮತ್ತು ವಾನಿ ತಂಡಕ್ಕೆ. ನಮ್ಮ ಪಶ್ಚಿಮ ಘಟ್ಟದ ಮರದಲ್ಲೂ ಇದೆ ಅಂತ 1972ರಲ್ಲಿ ತೋರಿಸಿದವರು ಟಿ.ಆರ್. ಗೋವಿಂದಾಚಾರಿ ಮತ್ತು ಎನ್. ವಿಶ್ವನಾಥನ್.

ಮೂಡಿಗೆರೆಯವರು ಇದನ್ನೂ ಓದಲಿ. ಈ ವಸ್ತು ತಟ್ಟೆಯಲ್ಲಿ ಗೆದ್ದಿತು, ಇಲಿಯಲ್ಲೂ ಗೆದ್ದಿತು. ಮನುಷ್ಯರಿಗೆ ಕೊಟ್ಟಾಗ ಮೂತ್ರಕೋಶದಲ್ಲಿ ರಕ್ತ ಬಂದು, 1970ರ ದಶಕದಲ್ಲಿ ಪ್ರಯೋಗ ನಿಲ್ಲಿಸಬೇಕಾಯಿತು. ಅದು ಡಿಎನ್‌ಎ ಬಿಚ್ಚುವ ಟೊಪೊಐಸೊಮರೇಸ್ ಎಂಬ ಕಿಣ್ವವನ್ನು ಹಿಡಿದು ನಿಲ್ಲಿಸುತ್ತದೆ ಅಂತ ಗೊತ್ತಾದದ್ದು 1985ರಲ್ಲಿ. ಆಮೇಲೆ ಅಣುವನ್ನು ಅಲ್ಲಲ್ಲಿ ಬದಲಾಯಿಸಿ ಟೊಪೊಟೆಕಾನ್, ಇರಿನೊಟೆಕಾನ್ ಎಂಬ ಕ್ಯಾನ್ಸರ್ ಔಷಧಿಗಳನ್ನು ಮಾಡಿದರು. 1996ರಲ್ಲಿ ಅಮೆರಿಕದಲ್ಲಿ ಎರಡಕ್ಕೂ ಒಪ್ಪಿಗೆ ಸಿಕ್ಕಿತು. ಗಿಡ ಕೊಟ್ಟದ್ದನ್ನು ಹಾಗೇ ಕೊಡಲು ಆಗಲಿಲ್ಲ, ತಿದ್ದಬೇಕಾಯಿತು.

ಮರ ಮಾರುವ ವಿಷಯ. ಈ ವ್ಯಾಪಾರದಿಂದಲೇ ಘಟ್ಟದಲ್ಲಿ ದುರ್ವಾಸನೆ ಮರ ಬಹಳ ಕಡಿಮೆಯಾಗಿದೆ. ತೊಗಟೆ ಸುತ್ತಲೂ ಸುಲಿದರೆ, ಬೇರು ಅಗೆದರೆ ಮರ ಉಳಿಯುವುದಿಲ್ಲ. ಬಂದವರ ಹತ್ತಿರ ಯಾವ ಅನುಮತಿ ಪತ್ರ ಇದೆ ಕೇಳಿ. ಅರಣ್ಯ ಇಲಾಖೆಯ ಕಚೇರಿಗೆ ಹೋಗಿ ವಿಚಾರಿಸದೆ ಕೊಡಲಿ ಹಾಕಿಸಬೇಡಿ. ಬೀಜ ಬಿದ್ದರೆ ಸಸಿ ಮಾಡಿ. ನನ್ನ ಕೇಳಿದರೆ ಇದನ್ನು ಬೆಳೆಯಾಗಿ ಬೆಳೆಸುವುದೇ ಸರಿ.

ಪ್ರಶ್ನೆ: ಕಾಫಿಯಿಂದ ಕ್ಯಾನ್ಸರ್ ಬರುತ್ತದೆಯೇ, ಹೋಗುತ್ತದೆಯೇ? ದಿನಕ್ಕೊಂದು ಸುದ್ದಿ.
(ನಿವೃತ್ತ ಬ್ಯಾಂಕ್ ನೌಕರ, ಚಿಕ್ಕಮಗಳೂರು)

ಉತ್ತರ: ಕುಡೀರಿ. ಅದೇ ಲಿಯೋನ್ ಸಂಸ್ಥೆ 1991ರಲ್ಲಿ ಕಾಫಿಯನ್ನು ಅನುಮಾನದ ಪಟ್ಟಿಗೆ ಹಾಕಿತ್ತು, 2016ರಲ್ಲಿ ತೆಗೆಯಿತು. ಲಿವರ್ ಮತ್ತು ಗರ್ಭಕೋಶದ ಒಳಪದರದ ಕ್ಯಾನ್ಸರ್ ಕಾಫಿ ಕುಡಿಯುವವರಲ್ಲಿ ಕಡಿಮೆ ಅಂತಲೂ ಗಮನಿಸಿತು. ಆದರೆ 65 ಡಿಗ್ರಿಗಿಂತ ಬಿಸಿಯಾದ ಯಾವ ಪಾನೀಯವೂ ಅನ್ನನಾಳಕ್ಕೆ ಒಳ್ಳೆಯದಲ್ಲ ಅಂದಿತು. ಸುಡು ಸುಡು ಗುಟುಕರಿಸುವ ಅಭ್ಯಾಸ ಇದ್ದರೆ ಲೋಟದಿಂದ ಡವರಾಕ್ಕೆ ಇನ್ನೆರಡು ಸಲ ಎತ್ತಿ ಸುರಿಯಿರಿ. ಚಿಕೋರಿ ಬಗ್ಗೆ ಜಗಳ ಇನ್ನೊಂದು ಸಲ ಇಟ್ಟುಕೊಳ್ಳೋಣ.

ಪ್ರಶ್ನೆ: ನನ್ನ ತಂಗಿ ವಿದೇಶದಿಂದ "ವಿಟಮಿನ್ ಬಿ-17" ಅಂತ ಒಂದು ಡಬ್ಬಿ, ಜೊತೆಗೆ ಏಪ್ರಿಕಾಟ್ ಬೀಜದ ಪ್ಯಾಕೆಟ್ ತರಿಸಿದ್ದಾಳೆ. ಅತ್ತೆಯವರಿಗೆ ಕೊಡಲೇ?
(ಹೆಸರು ಬೇಡ, ಹಾಸನ)

ಉತ್ತರ: ಬೇಡವೇ ಬೇಡ. ಅದು ವಿಟಮಿನ್ ಅಲ್ಲ, ಏಪ್ರಿಕಾಟ್ ಬೀಜದಲ್ಲೂ ಇರುವ ಅಮಿಗ್ಡಾಲಿನ್ ಎಂಬ ವಸ್ತು. ಹೊಟ್ಟೆಗೆ ಹೋದರೆ ಸೈನೈಡ್ ಬಿಡುತ್ತದೆ. ಅಮೆರಿಕದ ಮೇಯೊ ಕ್ಲಿನಿಕ್‌ನ ಮುಂದಾಳತ್ವದಲ್ಲಿ 178 ರೋಗಿಗಳಿಗೆ ಕೊಟ್ಟು ನೋಡಿ 1982ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಬ್ಬರಿಗೂ ಗುಣವಾಗಲಿಲ್ಲ, ಕೆಲವರ ರಕ್ತದಲ್ಲಿ ಸೈನೈಡ್ ಅಪಾಯದ ಹತ್ತಿರ ಹೋಗಿತ್ತು. ಬೀಜದ ಪ್ಯಾಕೆಟ್ ಮಕ್ಕಳ ಕೈಗೆ ಸಿಗುವಲ್ಲಿ ಇಡಬೇಡಿ, ಬಾದಾಮಿ ಅಂದುಕೊಂಡು ತಿಂದಾರು. ತಂಗಿಗೆ ಹೇಳಿ, ಡಬ್ಬಿ ವಾಪಸ್ ಕಳಿಸಿ ದುಡ್ಡು ಕೇಳಲಿ.